ಗಾಲಿಯೇರಿದ ಕ್ಯಾಮೆರಾ

ಕಳೆದ ದೀಪಾವಳಿಯಿಂದೀಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು, ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. “ಸರ್, ರಜಾ ದಿನ ಬೈಕ್ ಮ್ಯಾಲೆ ಹಳ್ಳಿ ತಿರುಗಿ ಹಳೇ ಗುಡಿ, ಶಾಸನ ನೋಡೂದು ಚಾಲೂ ಮಾಡೀವ್ರಿ. ಕಿಸೆದಾಗ ಇಟ್ಕೊಂಡು ಹೋಗುವಂಥ ಸಣ್ಣ ಕ್ಯಾಮೆರಾ ಯಾವುದು ತಗೋಬೇಕ್ರಿ?” ಇವರಲ್ಲಿ ಒಬ್ಬ ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ, ಒಬ್ಬಾಕೆ ಸಿಂದಗಿಯಲ್ಲಿ ಶಿಕ್ಷಕಿ, ಇನ್ನೊಬ್ಬ ಮುದ್ದೇಬಿಹಾಳ ಕಡೆಯವನು, ಬೆಂಗಳೂರಿನಲ್ಲಿದ್ದಾನೆ, ಹಬ್ಬಕ್ಕೊಮ್ಮೆ ಊರಿಗೆ ಬರುತ್ತಾನೆ. ಅಂಗಡಿಯವನನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಮಾತು ಇದು. ಇತಿಹಾಸದ ಮಾಸ್ತರನನ್ನು ಕೇಳಿದ್ದಾರೆ. ಆದ್ದರಿಂದ ಉತ್ತರವು 1855ರಿಂದ ಆರಂಭವಾಗುವುದು ಅನಿವಾರ್ಯ. ಸಹಿಸಿಕೊಳ್ಳಬೇಕು, ತರಗತಿಯಲ್ಲಿ ಸಹಿಸಿಕೊಂಡ ಹಾಗೆಯೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದರ ಚಿತ್ರದ ಗುಣವನ್ನು ಕುರಿತು ಬರೆಯುತ್ತಾರೆ. ಅದರ ತೂಕವನ್ನು ಕುರಿತು ಬರೆಯುವವರು ಕಡಿಮೆ. ಆದರೆ ನಮ್ಮ ಜಿಲ್ಲೆಯಲ್ಲಿ ಯಾವುದಕ್ಕೆ ಚಿತ್ರ ಉಳಿಯಿತು, ಯಾವುದು ಚಿತ್ರವೇ ಇಲ್ಲದೆ ಅಳಿಯಿತು ಎಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ತೂಕವೇ. ಕ್ಯಾಮೆರಾ ಯಾವ ವಾಹನದ ಮೇಲೆ ಹೋಗಬಲ್ಲದೋ ಆ ವಾಹನ ಮುಟ್ಟುವ ಊರಿನವರೆಗೆ ಮಾತ್ರ ಚಿತ್ರದ ಇತಿಹಾಸ ಹೋಗುತ್ತದೆ.

1855ರಲ್ಲಿ ಮುಂಬಯಿ ಸರಕಾರವು ತೋಪುಖಾನೆಯ ಅಧಿಕಾರಿಯಾಗಿದ್ದ ಥಾಮಸ್ ಬಿಗ್ಸ್ ಎಂಬುವರನ್ನು ಛಾಯಾಚಿತ್ರಕ್ಕಾಗಿಯೇ ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೆ ಕಳುಹಿಸಿತು. ಛಾಯಾಚಿತ್ರಕಲೆ ಲೋಕಕ್ಕೆ ಪ್ರಕಟವಾಗಿ (1839) ಆಗ 16 ವರ್ಷವಷ್ಟೇ ಆಗಿತ್ತು ಎಂಬುದನ್ನು ನೆನೆದರೆ ನಮ್ಮ ಜಿಲ್ಲೆ ಈ ವಿಷಯದಲ್ಲಿ ಹಿಂದುಳಿದದ್ದೆಂದು ಯಾರೂ ಹೇಳಲಾರರು. ಬಿಗ್ಸ್ ಮತ್ತು ಇತರರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಇತಿಹಾಸವನ್ನು ಬರೆದವರು ಮೆಡೋಸ್ ಟೇಲರ್, ಸುರಪುರದ ಬಾಲರಾಜನ ಮೇಲ್ವಿಚಾರಕರಾಗಿದ್ದವರು; ವಾಸ್ತುಶಿಲ್ಪದ ಟಿಪ್ಪಣಿ ಬರೆದವರು ಜೇಮ್ಸ್ ಫರ್ಗ್ಯುಸನ್. ಗ್ರಂಥದ ಹೆಸರೇ ಹೇಳುವಂತೆ ಅದು ಬಿಜಾಪುರ ಪಟ್ಟಣದ ಕಟ್ಟಡಗಳದ್ದು. ಸುಲ್ತಾನರ ಗುಮ್ಮಟಗಳು ಅದರಲ್ಲಿ ಇರಲೇಬೇಕಾದವು, ಇವೆ. ಆದರೆ ಆ ಪಟ್ಟಣದಿಂದ ಒಂದು ದಿನದ ದಾರಿಯಲ್ಲಿರುವ ಹಳ್ಳಿಯ ಅಗಸಿಬಾಗಿಲನ್ನು ಚಿತ್ರಿಸಲು ಯಾರೂ ಅಷ್ಟು ಸಾಮಾನನ್ನು ಹೇರಿಕೊಂಡು ಹೋಗುತ್ತಿರಲಿಲ್ಲ.

ಸಾಮಾನು ಎಂದರೆ ಎಂಥದು? ಆ ಕಾಲದ ಪೆಟ್ಟಿಗೆಯಂಥ ಕ್ಯಾಮೆರಾ, ಮೂರು ಕಾಲಿನ ಕಟ್ಟಿಗೆಯ ನಿಲುವು, ರಾಸಾಯನಿಕಗಳ ಬಾಟಲಿಗಳು. 1851ರಲ್ಲಿ ಬಂದ ಗಾಜಿನ ಹಸಿಫಲಕದ ವಿಧಾನದಲ್ಲಂತೂ ಫಲಕಕ್ಕೆ ದ್ರವವನ್ನು ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು, ಆರುವ ಮೊದಲೇ ಕತ್ತಲಲ್ಲಿ ತೊಳೆಯಬೇಕಿತ್ತು. ಅಂದರೆ ಕತ್ತಲೆಯನ್ನೂ ಗುಡಾರದ ರೂಪದಲ್ಲಿ ಹೊತ್ತೊಯ್ಯಬೇಕು! ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಆ ಫಲಕ ಎಷ್ಟು ಹೊತ್ತು ಹಸಿಯಾಗಿ ಉಳಿದೀತೆಂಬುದನ್ನು ಓದುಗರೇ ಊಹಿಸಬಹುದು. 1871ರಲ್ಲಿ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯರು ಒಣಫಲಕದ ದಾರಿಯನ್ನು ತೋರಿಸಿದ ಮೇಲೆ ಈ ಪೀಡೆ ತಪ್ಪಿತು. ಆದರೂ ಗಾಜು ಗಾಜೇ. ಭಾರ, ಮತ್ತು ಒಡೆಯುವಂಥದ್ದು.

ಅನಂತರ ಬಂದವರು ಪುರಾತತ್ತ್ವ ಇಲಾಖೆಯ ಹೆನ್ರಿ ಕಸೆನ್ಸ್. ಬಿಜಾಪುರದ ಕಟ್ಟಡಗಳ ಕುರಿತ ಅವರ ಗ್ರಂಥ 1916ರದು, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಕುರಿತ ಗ್ರಂಥ 1926ರದು. ಇವರ ಕಾಲಕ್ಕೆ ರೈಲು ಬಂದಿತ್ತು. ಹೊಟಗಿಯಿಂದ ಗದಗದವರೆಗಿನ ಮೀಟರ್‌ಗೇಜ್ ಮಾರ್ಗ 1884ರಲ್ಲಿ ತೆರೆಯಿತು. ಇಂಡಿ ರೋಡ್, ಬಿಜಾಪುರ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ಆ ಸಾಲಿನ ನಿಲ್ದಾಣಗಳು. ಈ ‘ರೋಡ್’ ಎಂಬ ಬಾಲವನ್ನು ಗಮನಿಸಿರಿ. ಊರು ಇಲ್ಲಿಲ್ಲ, ಊರಿನ ದಾರಿ ಇಲ್ಲಿದೆ ಎಂದು ಅದರ ಅರ್ಥ. ಇಂಡಿಗೂ ಬಾಗೇವಾಡಿಗೂ ರೈಲಿಳಿದು ಮತ್ತೆ ಗಾಡಿ ಹೂಡಬೇಕು. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲು ಇಂದಿಗೂ ಬಂದಿಲ್ಲ. ನಾನು ನೌಕರಿ ಮಾಡಿದ ಈ ನಾಲ್ಕೂ ತಾಲೂಕುಗಳು ಗಾಜಿನ ಫಲಕದ ಕ್ಯಾಮೆರಾಕ್ಕೆ ದೂರದ ದೇಶಗಳೇ ಆಗಿದ್ದವು.

ಈಗ ಗಾಲಿಯ ಕಡೆಗೆ ಬರೋಣ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬಾತ ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮನಾಗಿರುವ, ಹಿಂದಿನ ಗಾಲಿಯನ್ನು ಚೈನಿನಿಂದ ತಿರುಗಿಸುವ ರೋವರ್ ಸೈಕಲ್ಲನ್ನು ತಂದನು. ನಾವು ಇಂದು ಹತ್ತುವ ಸೈಕಲ್ ಅದರ ಮರಿಮಗನೇ. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯರು ಗಾಳಿ ತುಂಬಿದ ಟಾಯರಿಗೆ ಪೇಟೆಂಟು ಪಡೆದರು. ಅದೇ 1888ರಲ್ಲಿ ಅಮೆರಿಕದಲ್ಲಿ ಜಾರ್ಜ್ ಈಸ್ಟ್‌ಮನ್ ಅವರು ಕೊಡಕ್ ಎಂಬ ಪೆಟ್ಟಿಗೆ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟರು. ಬೆಲೆ 25 ಡಾಲರು. ಒಳಗೆ 100 ಚಿತ್ರಗಳಿಗೆ ಸಾಲುವ ಸುರುಳಿ. ಎಲ್ಲ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳುಹಿಸಿದರೆ 10 ಡಾಲರು ಪಡೆದು ಚಿತ್ರಗಳನ್ನು ಅಚ್ಚುಹಾಕಿ, ಹೊಸ ಸುರುಳಿ ತುಂಬಿ ಮರಳಿಸುತ್ತಿದ್ದರು. ಗಾಳಿಯ ಟಾಯರು ಮತ್ತು ಸುರುಳಿಯ ಕ್ಯಾಮೆರಾ ಒಂದೇ ವರ್ಷದ ಕೂಸುಗಳೆಂಬುದು ಆಕಸ್ಮಿಕವಾದರೂ, ಅವು ಒಟ್ಟಿಗೆ ಬೆಳೆದದ್ದು ಆಕಸ್ಮಿಕವಲ್ಲ. ಕಬ್ಬಿಣದ ಪಟ್ಟಿಯ ಗಾಲಿಯ ಮೇಲೆ ಲೆನ್ಸನ್ನು ಕಟ್ಟಿಕೊಂಡು ಹೋದರೆ ಉಳಿಯುವುದು ಲೆನ್ಸಿನ ಚೂರುಗಳು ಮಾತ್ರ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಕಂಪನಿಗಳು ಸೈಕಲ್ ಸವಾರರಿಗಾಗಿಯೇ ಮಡಚುವ ಕ್ಯಾಮೆರಾಗಳನ್ನು ಮಾಡಿ ಮಾರತೊಡಗಿದವು. ‘ಸೈಕಲ್ ಪೋಕೋ’, ‘ಸೈಕಲ್ ಗ್ರಾಫಿಕ್’ ಎಂದೇ ಅವುಗಳ ಹೆಸರು. ನನ್ನ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗೆ ಹೀಗೆ ನೂರಿಪ್ಪತ್ತೈದು ವರ್ಷಗಳ ವಂಶಾವಳಿಯಿದೆ.

ಆ ಕಾಲದ ಇಬ್ಬಗೆಯ ಸವಾರರ ಉದಾಹರಣೆ ಇಲ್ಲಿ ಉಪಯುಕ್ತ. ಥಾಮಸ್ ಆಲೆನ್ ಮತ್ತು ವಿಲಿಯಮ್ ಸಾಕ್ಟಲ್‌ಬೆನ್ ಎಂಬ ಇಬ್ಬರು ಅಮೆರಿಕನ್ ತರುಣರು ಕಾಲೇಜು ಮುಗಿಸಿದವರೇ 1890ರಲ್ಲಿ ಲೋಕಸಂಚಾರಕ್ಕೆ ಹೊರಟು, ತುರ್ಕಿ, ಪರ್ಷಿಯಾ, ಮಧ್ಯ ಏಷ್ಯಾಗಳನ್ನು ಸೈಕಲ್ ಮೇಲೆ ದಾಟಿ ಚೀನಾವನ್ನು ಸೇರಿದರು. ಅವರ ಬಳಿಯಿದ್ದದ್ದು ಸುರುಳಿಯ ಸಣ್ಣ ಕೊಡಕ್. ಅವರ ಪ್ರವಾಸದ ಪುಸ್ತಕ 1894ರಲ್ಲಿ ಚಿತ್ರಸಮೇತ ಬಂದಿತು. ಫ್ರಾಂಕ್ ಲೆಂಜ್ ಎಂಬ ಇನ್ನೊಬ್ಬನು 1892ರಲ್ಲಿ ಒಬ್ಬನೇ ಹೊರಟನು. ಬೆನ್ನಿಗೆ ದೊಡ್ಡ ಕ್ಯಾಮೆರಾ ಕಟ್ಟಿಕೊಂಡು ಜಪಾನ್, ಚೀನಾ, ಬರ್ಮಾ, ಹಿಂದುಸ್ಥಾನ, ಪರ್ಷಿಯಾಗಳನ್ನು ದಾಟಿದನು. 1894ರಲ್ಲಿ ತುರ್ಕಿಯ ಎರ್ಜುರುಮ್ ಕಡೆಯ ಬೆಟ್ಟದ ದಾರಿಯಲ್ಲಿ ಕಾಣೆಯಾದನು. ಅವನನ್ನು ಹುಡುಕಲು ಹೋದವನು ಮತ್ತಾರೂ ಅಲ್ಲ, ಮೊದಲು ಹೇಳಿದ ಸಾಕ್ಟಲ್‌ಬೆನ್ನನೇ. ಲೆಂಜನ ಸಾವಿಗೆ ಕ್ಯಾಮೆರಾ ಕಾರಣವೆಂದು ನಾನು ಹೇಳುತ್ತಿಲ್ಲ, ಕೊಲೆಗಾರರು ಇದ್ದರು. ಆದರೆ ಒಂಟಿ ಸವಾರನು ಹೊಟ್ಟೆಗೆ ಬೇಕಾದುದಕ್ಕಿಂತ ಹೆಚ್ಚು ಭಾರವನ್ನು ಬೆನ್ನಿಗೆ ಹೊರಬಾರದೆಂದು ನನಗೆ ಆ ಕಥೆಯನ್ನು ಓದಿದಾಗಲೆಲ್ಲ ಅನ್ನಿಸುತ್ತದೆ.

ನಮ್ಮ ಕಡೆಗೆ ಸಣ್ಣ ಕ್ಯಾಮೆರಾ ಬಂದದ್ದು ಬಹಳ ತಡವಾಗಿ. ನನ್ನ ವಯಸ್ಸಿನವರಿಗೆ ಕ್ಯಾಮೆರಾ ಎಂದರೆ ಆಗ್ಫಾ ಕ್ಲಿಕ್-3. ಬರೋಡಾದಲ್ಲಿ ತಯಾರಾಗುತ್ತಿತ್ತು. ಬಿಸಿಲು, ಮೋಡ ಎಂಬ ಗುರುತುಗಳ ನಡುವೆ ಸರಿಸುವ ಒಂದು ಕಡ್ಡಿ, ಒಂದು ಗುಂಡಿ, ಮುಗಿಯಿತು. ಒಂದು ರೋಲಿಗೆ 12 ಚೌಕ ಚಿತ್ರಗಳು. ನಮ್ಮ ದೇಶದ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ ಉದಕಮಂಡಲದಲ್ಲಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಅಣ್ಣನವರ ಹಳೆಯ ಕ್ಲಿಕ್-3 ನನ್ನ ಪಾಲಿಗೆ ಬಂದಿತ್ತು. ಸೈಕಲ್ಲಿನ ಹ್ಯಾಂಡಲಿಗೆ ಬುತ್ತಿಯ ಚೀಲ, ಹೆಗಲಿಗೆ ಕ್ಯಾಮೆರಾ. ರೋಲು ತರಲು ಬಿಜಾಪುರ, ತೊಳೆಸಲು ಬಿಜಾಪುರ, ಪ್ರಿಂಟು ತರಲು ಮತ್ತೆ ಬಿಜಾಪುರ. 12 ಚಿತ್ರಗಳಿಗೆ ಮೂರು ಸಲ ಬಸ್ಸಿನ ಖರ್ಚು ಕೂಡಿಸಿದರೆ, ಒಂದು ಗುಂಡಿ ಒತ್ತುವ ಮೊದಲು ಮನುಷ್ಯನು ಎಷ್ಟು ಯೋಚಿಸುತ್ತಿದ್ದನೆಂಬುದು ಇಂದಿನ ಮಕ್ಕಳಿಗೆ ತಿಳಿಯಲಾರದು.

ಹಾಗೆ ಯೋಚಿಸಿ ಯೋಚಿಸಿ ಒತ್ತಿದ ಚಿತ್ರಗಳಲ್ಲಿ ಏನಿರುತ್ತಿತ್ತು? ಮದುವೆ, ಜವಳ, ಶಾಲೆಯ ಕೂಡುಚಿತ್ರ, ಊರಿಗೆ ಬಂದ ಸ್ವಾಮಿಗಳು. ಮನೆಯ ಗೋಡೆಗೆ ಯಾರಾದರೂ ಒಂದು ಚಿತ್ರವನ್ನು ವ್ಯಯಿಸುತ್ತಾರೆಯೇ? ಪಡಸಾಲೆಗೆ? ಜೋಳ ತುಂಬುವ ಹಗೇವಿಗೆ? ಅವೆಲ್ಲ ಇದ್ದೇ ಇರುತ್ತವೆ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಕೃಷ್ಣಾ ದಂಡೆಯಲ್ಲಿ ಆ ನಂಬಿಕೆ ಹುಸಿಯಾಯಿತು.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹಸ್ತದಿಂದ. ಅಲ್ಲಿ ಕೆಲಸ ಕುಂಟುತ್ತ ಸಾಗಿದ ಕಾಲದಲ್ಲಿಯೇ ಕೆಳಗಡೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಹಿನ್ನೀರು ಮುದ್ದೇಬಿಹಾಳ ತಾಲೂಕಿನ ದಂಡೆಯನ್ನೂ ಎದುರಿನ ಹುನಗುಂದ ತಾಲೂಕಿನ ದಂಡೆಯನ್ನೂ ತಿಂದಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆಯನ್ನು ಕಟ್ಟಿ, ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಿದ್ದು ಈ ನೀರಿನ ಕಾರಣದಿಂದ. ಸಂಗಮಕ್ಕೆ ಮಹತ್ವವಿತ್ತು, ಗೋಡೆ ಬಂದಿತು. ದಂಡೆಯ ಉಳಿದ ಊರುಗಳಿಗೆ ಗೋಡೆಯನ್ನು ಯಾರು ಕಟ್ಟುತ್ತಾರೆ? ಆಮೇಲೆ ಆಲಮಟ್ಟಿಯ ಸರದಿ. 2000ದ ಆಸುಪಾಸಿನ ಮಳೆಗಾಲಗಳಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ 519.60 ಮೀಟರಿನ ಮಟ್ಟವನ್ನು ಮುಟ್ಟಿತು. ಹಳೆಯ ಬಾಗಲಕೋಟೆಯ ಓಣಿಗಳು ಹೋದವು. ಆಗ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ, ಗಡಿಗೆಯ ಮೊಸರಿಗೆ ಹೆಸರಾದ ಕೋಲ್ಹಾರದ ಹಳೆಯ ಊರು ಹೋಯಿತು. ಜನರು ತೊಲೆ, ಕಂಬ, ತಲಬಾಗಿಲಿನ ಚೌಕಟ್ಟುಗಳನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಗಳಿಗೆ ನಡೆದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಬಂದು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ನೀರು ಬಂದ ಹೊಲಗಳಿಗೆ ನೀರು ಬಂದಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಈ ಜಿಲ್ಲೆಯ ಬರವನ್ನು ಕಂಡವನು ಅಣೆಕಟ್ಟನ್ನು ಸುಮ್ಮನೆ ಬಯ್ಯಲಾರ.

ನನ್ನ ವಿದ್ಯಾರ್ಥಿಗಳಲ್ಲಿ ಮುಳುಗಡೆಯ ಮನೆಗಳ ಮಕ್ಕಳು ಬಹಳ ಮಂದಿ ಇದ್ದರು. ಹಿಂದಿನ ಊರಿನ ಚಿತ್ರವಿದ್ದರೆ ತನ್ನಿರೆಂದು ಒಂದು ವರ್ಷ ಇಡೀ ಒಂಬತ್ತನೆಯ ತರಗತಿಗೆ ಹೇಳಿದ್ದೆ. ತಂದದ್ದು ಮದುವೆಯ ಚಿತ್ರಗಳು, ಸ್ಟುಡಿಯೋದ ಪರದೆಯ ಮುಂದೆ ಕುಳಿತ ಚಿತ್ರಗಳು. ಪರಿಹಾರದ ಕಾಗದಗಳಲ್ಲಿ ಮನೆಯ ಉದ್ದ, ಅಗಲ, ಗೋಡೆಯ ದಪ್ಪ ಎಲ್ಲವೂ ಇರುತ್ತದೆ, ಮನೆ ಇರುವುದಿಲ್ಲ. ಒಬ್ಬ ಹುಡುಗ ಮಾತ್ರ ಒಂದು ಚೌಕ ಚಿತ್ರವನ್ನು ತಂದನು. ಕಾರಹುಣ್ಣಿಮೆಯ ದಿನ ಅವನ ಅಜ್ಜನು ಕೋಡಿಗೆ ಬಣ್ಣ ಹಚ್ಚಿದ ಎರಡು ಎತ್ತುಗಳನ್ನು ಹಿಡಿದು ನಿಂತದ್ದು. ಎತ್ತು ತಲೆಯಾಡಿಸಿದ್ದರಿಂದ ಒಂದರ ಮುಖ ಮಸುಕು. ಚಿತ್ರ ತೆಗೆದವನಿಗೆ ಬೇಕಾಗಿದ್ದದ್ದು ಎತ್ತುಗಳು. ಆದರೆ ಹಿಂದುಗಡೆ ಅಗಸಿಯ ಕಮಾನು ಅರ್ಧ, ಬೇವಿನ ಗಿಡ, ಕಟ್ಟೆ, ಕಟ್ಟೆಯ ಮೇಲೆ ಯಾರದೋ ಕಾಲು ಬಿದ್ದಿವೆ. ಹೊಸ ಮನೆಯ ಗೃಹಪ್ರವೇಶಕ್ಕೆ ಅದನ್ನು ಬಿಜಾಪುರದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ನಾನು ಹೋದಾಗ ಆ ಹುಡುಗನ ಅಜ್ಜಿ ಎತ್ತುಗಳನ್ನೂ ಗಂಡನನ್ನೂ ಬಿಟ್ಟು ಕಮಾನಿನ ಎಡಬದಿಯನ್ನು ಬೆರಳಿನಿಂದ ತೋರಿಸಿ, “ಇಲ್ಲಿಂದ ಒಳಗ ಬಂದ್ರ ಮೂರನೇದ್ದ ನಮ್ಮ ಮನೀರಿ ಮಾಸ್ತರ” ಎಂದರು. ಆ ಮೂರನೆಯ ಮನೆ ಚಿತ್ರದ ಚೌಕಟ್ಟಿನ ಹೊರಗಿತ್ತು.

ಆ ಮಳೆಗಾಲಗಳಲ್ಲಿ ಡಿಜಿಟಲ್ ಕ್ಯಾಮೆರಾ ಲೋಕದಲ್ಲಿ ಇರಲಿಲ್ಲವೇ? ಇತ್ತು. ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಸಿ.ಸಿ.ಡಿ. ಎಂಬ ಚಿಪ್ಪನ್ನು 1969ರಲ್ಲಿಯೇ ಬಾಯ್ಲ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಕಲ್ಪಿಸಿದ್ದರು. ಅದಕ್ಕೆ ನೊಬೆಲ್ ಬಂದದ್ದು 40 ವರ್ಷದ ಮೇಲೆ, 2009ರಲ್ಲಿ. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥ ಚಿಪ್ಪನ್ನಿಟ್ಟು ಕಟ್ಟಿದ ಮೊದಲ ಕ್ಯಾಮೆರಾ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು, ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಮತ್ತೆ ತೂಕದಿಂದಲೇ ಆರಂಭ! 1995ರಲ್ಲಿ ಕ್ಯಾಸಿಯೋದ ಕ್ಯುವಿ-10 ಎಂಬುದು ಬೆನ್ನಿನ ಮೇಲೆ ಪರದೆಯನ್ನಿಟ್ಟುಕೊಂಡು ಜನಸಾಮಾನ್ಯರ ಅಂಗಡಿಗೆ ಬಂದಿತು. 2000ದ ಹೊತ್ತಿಗೆ ಕಿಸೆಯಲ್ಲಿ ಹಿಡಿಯುವ ಮಾದರಿಗಳು ಜಪಾನಿನಿಂದ ಬರತೊಡಗಿದ್ದವು. ಹೀಗೆ, ಕೃಷ್ಣೆ ಏರುತ್ತಿದ್ದಾಗ ಹಗುರಾದ, ರೋಲಿನ ಖರ್ಚಿಲ್ಲದ ಕ್ಯಾಮೆರಾ ಲೋಕದಲ್ಲಿತ್ತು, ಕೋಲ್ಹಾರದ ಸಂತೆಯಲ್ಲಿರಲಿಲ್ಲ. ನಮ್ಮಲ್ಲಿ ಆಗ ಇದ್ದದ್ದು ಕೊಡಕ್ ಕೆಬಿ-10ರಂಥ ರೋಲಿನ ಸಣ್ಣ ಪೆಟ್ಟಿಗೆಗಳು. ನಾಲ್ಕೈದು ವರ್ಷಗಳ ಅಂತರದಲ್ಲಿ ಎರಡೂ ಒಂದನ್ನೊಂದು ತಪ್ಪಿಸಿಕೊಂಡವು.

ನಾನು ಡಿಜಿಟಲ್ ಕ್ಯಾಮೆರಾ ಕೊಂಡದ್ದು 2005ರಲ್ಲಿ, ಮಗನು ಪುಣೆಯಲ್ಲಿ ನೌಕರಿ ಹಿಡಿದ ಮೇಲೆ. ಆ ಹೊತ್ತಿಗೆ ಸೈಕಲ್ ಹೋಗಿ ಬೈಕು ಬಂದಿತ್ತು. ಅಲ್ಲಿಂದ ನಿವೃತ್ತಿಯವರೆಗೆ ಮೂರು ಸಣ್ಣ ಕ್ಯಾಮೆರಾಗಳನ್ನು ಈ ನಾಲ್ಕು ತಾಲೂಕುಗಳ ದಾರಿಯ ಮೇಲೆ ಸವೆಸಿದ್ದೇನೆ. ಅಂಗಡಿಯವರು ಮೆಗಾಪಿಕ್ಸೆಲ್ಲಿನ ಲೆಕ್ಕವನ್ನು ಹೇಳುತ್ತಿದ್ದ ಕಾಲ ಅದು. ಮೂರು ಮೆಗಾಪಿಕ್ಸೆಲ್ಲೋ ಐದೋ ಎಂದು ಜನರು ಜಗಳವಾಡುತ್ತಿದ್ದರು. ದಾರಿಯು ನನಗೆ ಕಲಿಸಿದ ಲೆಕ್ಕಗಳು ಬೇರೆ.

ಮೊದಲನೆಯದು ಸೆಲ್ಲು. ಕ್ಯಾನನ್ ಕಂಪನಿಯ ಪವರ್‌ಶಾಟ್ ಎ ಸಾಲಿನ ಕ್ಯಾಮೆರಾಗಳು ಆ ಕಾಲದಲ್ಲಿ ಸಾದಾ ಪೆನ್ಸಿಲ್ ಸೆಲ್ಲಿನಿಂದ ನಡೆಯುತ್ತಿದ್ದವು. ನೋಡಲು ದಪ್ಪ, ಬೆಂಗಳೂರಿನವರು ನಗುತ್ತಿದ್ದರು. ಆದರೆ ದೇವರ ಹಿಪ್ಪರಗಿಯಲ್ಲಿ ಚಾರ್ಜು ಮುಗಿದು, ಕರೆಂಟೂ ಇಲ್ಲದಿದ್ದರೆ, ಗೋಡೆಗೆ ಚಾರ್ಜರ್ ಸಿಕ್ಕಿಸುವ ತೆಳ್ಳನೆಯ ಕ್ಯಾಮೆರಾದವನು ಚಹಾ ಕುಡಿದು ಮನೆಗೆ ಹೋಗಬೇಕು. ಪೆನ್ಸಿಲ್ ಸೆಲ್ಲಿನವನು ಕಿರಾಣಿ ಅಂಗಡಿಯಲ್ಲಿ ನಾಲ್ಕು ಸೆಲ್ಲು ಕೊಂಡು ಮುಂದೆ ನಡೆಯುತ್ತಾನೆ. ಸಾದಾ ಸೆಲ್ಲು ಹತ್ತಿಪ್ಪತ್ತು ಚಿತ್ರಕ್ಕೇ ಸಾಯುತ್ತದೆ, ನಿಜ. ಹತ್ತಿಪ್ಪತ್ತು ಚಿತ್ರ ಎಂದರೆ ಒಂದೂವರೆ ಕ್ಲಿಕ್-3 ರೋಲು.

ಎರಡನೆಯದು ಧೂಳು, ಅದೂ ನಮ್ಮ ಡೋಣಿ ಸಾಲಿನ ಎರೆಮಣ್ಣಿನ ಧೂಳು. ಹಿಟ್ಟಿನಂತೆ ನುಣುಪು, ಅರಿವೆಯನ್ನೂ ದಾಟುತ್ತದೆ. ಗುಂಡಿ ಒತ್ತಿದರೆ ಲೆನ್ಸು ಕೊಳವೆಯಂತೆ ಮುಂದೆ ಚಾಚುವ ಕ್ಯಾಮೆರಾಗಳಿಗೆ ಈ ಧೂಳು ವೈರಿ. ನನ್ನ ಎರಡನೆಯ ಕ್ಯಾಮೆರಾ ತಾಳಿಕೋಟೆಯ ಹತ್ತಿರ ಹೊರಚಾಚಿದ ಲೆನ್ಸನ್ನು ಒಳಗೆ ಎಳೆದುಕೊಳ್ಳಲಾರದೆ ನಾಲಗೆ ಚಾಚಿದ ನಾಯಿಯಂತೆ ನಿಂತುಬಿಟ್ಟಿತು. ಅದರ ಕಂಪನಿಯ ಹೆಸರು ಬೇಡ. ಎರೆಮಣ್ಣು ಯಾವ ಕಂಪನಿಯನ್ನೂ ಬಿಡುವುದಿಲ್ಲ. 2002ರಲ್ಲಿ ಮಿನೋಲ್ಟಾ ಕಂಪನಿ ‘ಡಿಮಾಜ್ ಎಕ್ಸ್’ ಎಂಬ ಕ್ಯಾಮೆರಾದಲ್ಲಿ ಬೆಳಕನ್ನು ಒಳಗೇ ಮಡಚಿ, ಲೆನ್ಸು ಹೊರಗೆ ಬಾರದಂತೆ ಮಾಡಿತ್ತು. ನೀರು ಧೂಳು ತಾಗದ ಕ್ಯಾಮೆರಾಗಳೂ ಅನಂತರ ಬಂದವು. ಬೈಕಿನವರಿಗೆ ಯೋಗ್ಯವಾದ ಜಾತಿ ಇದು. ಮೂರನೆಯದು ಬಿಸಿಲು. ಮಧ್ಯಾಹ್ನದ ಬೆಳಕಿನಲ್ಲಿ ಬೆನ್ನಿನ ಪರದೆ ಕಪ್ಪು ಹಲಗೆಯಾಗುತ್ತದೆ. ಕಣ್ಣಿಟ್ಟು ನೋಡುವ ಸಣ್ಣ ಕಿಂಡಿ ಇರುವ ಕ್ಯಾಮೆರಾಗಳು ಆಗ ಇದ್ದವು, ಕಂಪನಿಗಳು ಅದನ್ನು ಒಂದೊಂದಾಗಿ ಕಿತ್ತುಹಾಕಿದವು.

ಇನ್ನು ಶಾಸನಗಳ ಮಾತು. ಇಂಡಿ ತಾಲೂಕಿನ ಸಾಲೋಟಗಿಯ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅಲ್ಲಿದ್ದ ವಿದ್ಯಾಶಾಲೆಗೆ ಹೊರನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು, ದೀಪದ ಎಣ್ಣೆಗೆ 12 ನಿವರ್ತನ ಭೂಮಿ, ಮುಖ್ಯ ಉಪಾಧ್ಯಾಯರಿಗೆ 50 ನಿವರ್ತನ ಭೂಮಿ ಎಂದು ಅದು ಹೇಳುತ್ತದೆ. ಊರಿನ ಮದುವೆ, ಮುಂಜಿವೆಗಳಲ್ಲಿ ಶಾಲೆಗೆ ಇಷ್ಟು ಹಣ ಸಲ್ಲಬೇಕೆಂಬ ಕಟ್ಟಳೆಯೂ ಇದೆ. (ಉಪಾಧ್ಯಾಯರ 50 ನಿವರ್ತನವನ್ನು ಓದಿದಾಗಲೆಲ್ಲ ಶಿಕ್ಷಕರ ಕೊಠಡಿಯಲ್ಲಿ ನಿಟ್ಟುಸಿರು ಕೇಳುತ್ತಿತ್ತು.) ಬಾಗೇವಾಡಿ ತಾಲೂಕಿನ ನರಸಲಗಿಯ ಶಾಸನ 965ರದು, ಮುಂದೆ ರಾಷ್ಟ್ರಕೂಟರನ್ನೇ ಉರುಳಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ಎತ್ತಿದ ತೈಲಪನು ಆಗ ಅವರ ಕೈಕೆಳಗೆ ತರ್ದವಾಡಿ ಸಾವಿರವನ್ನು ಆಳುತ್ತಿದ್ದನೆಂಬುದು ಅದರಿಂದ ತಿಳಿಯುತ್ತದೆ. ಇಂಥ ಮಹತ್ವದವು ಅಚ್ಚಾಗಿವೆ, ಪುಸ್ತಕದಲ್ಲಿವೆ. ಆದರೆ ಹಳ್ಳಿಯ ಗುಡಿಯ ಹಿಂದೆ ಸುಣ್ಣ ಬಳಿದುಕೊಂಡು ನಿಂತ ವೀರಗಲ್ಲುಗಳು, ದನ ಕಟ್ಟುವ ಗೂಟವಾಗಿರುವ ತುಂಡು ಶಾಸನಗಳು ಹಾಗಿಲ್ಲ.

ಅವುಗಳ ಚಿತ್ರ ತೆಗೆಯುವುದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ, ಹೊತ್ತು ಬೇಕು. ಸವೆದ ಅಕ್ಷರ ಕಾಣಬೇಕಾದರೆ ಬೆಳಕು ಕಲ್ಲಿನ ಮೈಯನ್ನು ಬದಿಯಿಂದ ಸವರಿಕೊಂಡು ಹೋಗಬೇಕು; ಆಗ ಪ್ರತಿ ಗೀರಿನಲ್ಲಿಯೂ ನೆರಳು ನಿಲ್ಲುತ್ತದೆ. ಮುಂಜಾನೆ, ಇಲ್ಲವೇ ಸಂಜೆ. ಮುಂದಿನಿಂದ ಫ್ಲ್ಯಾಶ್ ಹೊಡೆದರೆ ಇದ್ದ ಅಕ್ಷರವೂ ಅಳಿದಂತೆ ಕಾಣುತ್ತದೆ. ಆದ್ದರಿಂದ ಫ್ಲ್ಯಾಶನ್ನು ಕೈಯಿಂದ ಆರಿಸಲು ಬರುವ, ಸಮೀಪದ ವಸ್ತುವನ್ನು ಹಿಡಿಯುವ ಕ್ಯಾಮೆರಾವನ್ನೇ ನೋಡಬೇಕು. ದೂರದ್ದನ್ನು ಹತ್ತಿರ ಎಳೆಯುವ ಜೂಮ್ ನಮಗೆ ಅಷ್ಟು ಮುಖ್ಯವಲ್ಲ. ಓಣಿಗಳು ಇಕ್ಕಟ್ಟು, ಹಿಂದೆ ಸರಿಯಲು ಜಾಗವಿಲ್ಲ, ಅಗಲವಾಗಿ ಹಿಡಿಯುವ ಲೆನ್ಸು ಬೇಕು. ಆ ಕಾರಹುಣ್ಣಿಮೆಯ ಚಿತ್ರವನ್ನು ಅಗಲದ ಲೆನ್ಸಿನಲ್ಲಿ ತೆಗೆದಿದ್ದರೆ ಮೂರನೆಯ ಮನೆ ಒಳಗೆ ಬಂದಿರುತ್ತಿತ್ತೋ ಏನೋ.

“ಫೋನ್ ಐತಲ್ರಿ ಸರ್, ಅದs ಸಾಕಲ್ಲ?” ಎಂದು ಕೇಳುವವರಿದ್ದಾರೆ. ಲೋಕವೂ ಅದನ್ನೇ ಕೇಳಿತು. 2010ರಲ್ಲಿ ಜಗತ್ತಿಗೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಹೊರಟಿದ್ದವು. 2020ರಲ್ಲಿ 90 ಲಕ್ಷವೂ ಇಲ್ಲ. ಫೋನಿನ ಚಿತ್ರ ಇಂದು ನನ್ನ ಹಳೆಯ ಮೂರೂ ಕ್ಯಾಮೆರಾಗಳಿಗಿಂತ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಬೈಕಿನವನು ಒಂದು ಸಂಗತಿಯನ್ನು ತಿಳಿದಿರಬೇಕು. 2021ರಲ್ಲಿ ಆಪಲ್ ಕಂಪನಿಯೇ ಒಂದು ಎಚ್ಚರಿಕೆಯನ್ನು ಹೊರಡಿಸಿತು: ಹೆಚ್ಚು ಶಕ್ತಿಯ ಬೈಕ್ ಎಂಜಿನ್ನಿನ ನಡುಕ ಹ್ಯಾಂಡಲಿನ ಮೂಲಕ ಫೋನಿಗೆ ತಾಗುತ್ತಿದ್ದರೆ, ಚಿತ್ರ ಅಲುಗದಂತೆ ಲೆನ್ಸನ್ನು ತೇಲಿಸಿಡುವ ಸೂಕ್ಷ್ಮ ಯಂತ್ರ ಕೆಡಬಹುದು ಎಂದು. ದಾರಿ ತೋರಿಸಲು ಫೋನನ್ನು ಹ್ಯಾಂಡಲಿಗೆ ಸಿಕ್ಕಿಸುವವರು ಇದನ್ನು ಗಮನಿಸಬೇಕು. ಇಂಥ ಯಂತ್ರ ಇಂದಿನ ಸಣ್ಣ ಕ್ಯಾಮೆರಾಗಳಲ್ಲಿಯೂ ಇರುತ್ತದೆ. ಆದ್ದರಿಂದ ಫೋನಾಗಲಿ ಕ್ಯಾಮೆರಾ ಆಗಲಿ, ಬೈಕಿಗೆ ಕಟ್ಟಬಾರದು. ಅಂಗಿಯ ಎದೆಗಿಸೆಯಲ್ಲಿ, ಮೇಲೆ ಗುಂಡಿ ಹಾಕಿ ಇಡಬೇಕು. ನಡುಕವನ್ನು ಮನುಷ್ಯನ ಮೈಯಷ್ಟು ಚೆನ್ನಾಗಿ ನುಂಗುವ ವಸ್ತು ಮತ್ತೊಂದಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲ ನಮ್ಮ ಮೇ ತಿಂಗಳಿನಲ್ಲಿ ರೊಟ್ಟಿಯ ಹಂಚು.

ನನ್ನ ಸಲಹೆ ಇಷ್ಟು. ಫೋನ್ ಚೆನ್ನಾಗಿದ್ದರೆ ಅದರಿಂದಲೇ ಆರಂಭಿಸಿ, ಹಣ ಉಳಿಸಿ. ಬೇರೆ ಕ್ಯಾಮೆರಾ ಬೇಕೇಬೇಕೆನ್ನುವವರು ಲೆನ್ಸು ಹೊರಚಾಚದ, ಧೂಳು ನೀರು ತಾಗದ, ಅಗಲದ ನೋಟವುಳ್ಳ ಸಣ್ಣದನ್ನು ಆರಿಸಿರಿ. ಹಳೆಯದು ಸಿಕ್ಕರೂ ಅಡ್ಡಿಯಿಲ್ಲ, ಅದಕ್ಕೆ ಹೊಂದುವ ಬ್ಯಾಟರಿ ಇಂದೂ ದೊರೆಯುತ್ತದೆಯೇ ಎಂದು ಮೊದಲು ವಿಚಾರಿಸಿರಿ. ಕ್ಯಾಮೆರಾದೊಳಗಿನ ತಾರೀಖನ್ನು ಸರಿಯಾಗಿ ಹೊಂದಿಸಿರಿ. ಮನೆಗೆ ಬಂದ ರಾತ್ರಿಯೇ ಊರಿನ ಹೆಸರು, ಓಣಿಯ ಹೆಸರು, ಮನೆಯವರ ಅಡ್ಡಹೆಸರು ಬರೆದಿಡಿ. ಚಿತ್ರಗಳ ಎರಡು ಪ್ರತಿಗಳು ಎರಡು ಮನೆಗಳಲ್ಲಿರಲಿ.

ಎಲ್ಲಿಂದ ಆರಂಭಿಸಬೇಕೆಂಬುದನ್ನೂ ಹೇಳಿಬಿಡುತ್ತೇನೆ. 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದು ತೀರ್ಪು ಕೊಟ್ಟಿದೆ. ಇಂದಿನ ಮಟ್ಟಕ್ಕೂ ಅದಕ್ಕೂ ನಾಲ್ಕೂವರೆ ಮೀಟರಿಗಿಂತ ಹೆಚ್ಚಿನ ಅಂತರ. ಗೇಟುಗಳು ಆ ಎತ್ತರಕ್ಕೆ ಏರಿದ ಮಳೆಗಾಲದಲ್ಲಿ ಇನ್ನಷ್ಟು ಊರುಗಳು ನೀರಿಗಿಳಿಯುತ್ತವೆ. ಯಾವ ಊರುಗಳೆಂಬುದು ಆ ಊರಿನವರಿಗೆ ಗೊತ್ತಿದೆ, ಕೇಳಿದರೆ ಹೇಳುತ್ತಾರೆ. ಸಾಲೋಟಗಿಯ ಶಾಸನ ಸಾವಿರ ವರ್ಷ ಕಾದಿದೆ, ಇನ್ನೂ ಕಾಯುತ್ತದೆ. ಮೊದಲು ಕೋಲ್ಹಾರ, ನಿಡಗುಂದಿಗಳ ದಂಡೆಯ ಹಳ್ಳಿಗಳಿಗೆ ಹೋಗಿರಿ. ಅಗಸಿಯಿಂದ ಒಳಹೊಕ್ಕು ಎಡಬದಿಯ ಮನೆಗಳನ್ನು ಒಂದೊಂದಾಗಿ, ಬಲಬದಿಯವನ್ನು ಒಂದೊಂದಾಗಿ, ಬಾಗಿಲಲ್ಲಿ ನಿಂತ ಜನರೊಡನೆ ತೆಗೆಯಿರಿ. ಮನೆಯವರನ್ನು ಕೇಳಿಯೇ ತೆಗೆಯಿರಿ. ಮುಂದಿನ ಸಲ ಹೋಗುವಾಗ ಪ್ರಿಂಟು ಹಾಕಿಸಿಕೊಂಡು ಹೋಗಿ ಅವರ ಕೈಗೆ ಕೊಡಿ. ಬಿಜಾಪುರದಲ್ಲಿ, ಅಂದರೆ ಈಗಿನ ವಿಜಯಪುರದಲ್ಲಿ, ಪ್ರಿಂಟು ಹಾಕುವ ಅಂಗಡಿಗಳು ಇನ್ನೂ ಇವೆ.